ರಾಯಚೂರಿನ ಸೆಖೆಯಲ್ಲಿ ಗೇಮಿಂಗ್ ಪಿಸಿ: ಪ್ರೊಸೆಸರ್ ಯಾವುದು ತಗೋಬೇಕು?

ಹೊಸ ಗೇಮಿಂಗ್ ಪಿಸಿ ಮಾಡಿಸುವವರು ಮೊದಲು ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಎತ್ತಿಡಿ. ಪ್ರೊಸೆಸರ್ ಆಮೇಲೆ. 6 ಕೋರ್ (ಕೆಲಸ ಮಾಡುವ ಘಟಕ), 12 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು) ಇರುವುದು ಆಟಕ್ಕೆ ಸಾಕು. ಸುಮ್ನೆ 16 ಕೋರ್ ಹಿಂದೆ ಹೋಗಬೇಡಿ, ಆ ದುಡ್ಡು ಕಾರ್ಡಿಗೆ ಹಾಕಿದರೆ ಆಟದಲ್ಲಿ ಜಾಸ್ತಿ ಫರಕು ಕಾಣುತ್ತದೆ.

ನನ್ನ ತಮ್ಮನಿಗೆ ಎಎಂಡಿ ಕಂಪನಿಯ ರೈಜೆನ್ 5 7600 ಪ್ರೊಸೆಸರ್ ಹಾಕಿಸಿದೆ. ಅದು ಎಎಂ5 ಅನ್ನುವ ಸಾಕೆಟ್ ಇರುವ ಮದರ್‌ಬೋರ್ಡಿನಲ್ಲಿ ಕೂರುತ್ತದೆ. ಮುಂದೆ ದುಡ್ಡು ಕೂಡಿದಾಗ ಬೋರ್ಡ್ ಬದಲಿಸದೆ ರೈಜೆನ್ 7 7800ಎಕ್ಸ್3ಡಿ ಹಾಕಬಹುದು. ಅದರಲ್ಲಿ 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇದೆ, ಆಟಗಳಿಗೆ ಅದು ತುಂಬಾ ಒದಗುತ್ತದೆ. ಆದರೆ ಎಎಂ5ಗೆ ಹೊಸ ಬಗೆಯ ಡಿಡಿಆರ್5 ರ‍್ಯಾಮ್ ಬೇಕೇ ಬೇಕು. ಮನೆಯಲ್ಲಿ ಹಳೆ ಬಗೆಯ ಒಳ್ಳೆ ಡಿಡಿಆರ್4 ರ‍್ಯಾಮ್ ಇದ್ದರೆ ಎಎಂ4 ಬೋರ್ಡಿನಲ್ಲಿ ಕೂರುವ ರೈಜೆನ್ 5 5600 ನೋಡಿ, ಖರ್ಚು ಉಳಿಯುತ್ತದೆ.

ಇಂಟೆಲ್ ತಗೊಂಡರೆ ಹೆಸರಿನ ಕೊನೆಯ ಅಕ್ಷರ ನೋಡಿ. ಐ5-12400ಎಫ್‌ನಲ್ಲಿರುವ 'ಎಫ್' ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ನನಗೆ ಒಂದು ಅಂಗಡಿಯಲ್ಲಿ ಇದನ್ನು ಹೇಳಲೇ ಇಲ್ಲ. ಕಾರ್ಡ್ ಬರುವವರೆಗೆ ಎರಡು ವಾರ ಪರದೆ ಕಪ್ಪಾಗಿಯೇ ಇತ್ತು, ತುಂಬಾ ಬೇಜಾರಾಯಿತು.

ಇನ್ನು ನಮ್ಮ ಬಿಸಿಲು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ ಅಲ್ವಾ? ಕೋಣೆಯ ಗಾಳಿಯೇ ಕಾದಿದ್ದರೆ ಕೂಲರ್ ಎಷ್ಟು ತಾನೇ ತಣ್ಣಗೆ ಮಾಡೀತು? ಅದಕ್ಕೇ ಕಡಿಮೆ ಬಿಸಿಯಾಗುವ 65 ವ್ಯಾಟ್ ಪ್ರೊಸೆಸರ್ ನಮಗೆ ಒಳ್ಳೆಯದು. ಮುಂದೆ ಜಾಲರಿ ಇರುವ ಕ್ಯಾಬಿನೆಟ್ ತಗೊಳ್ಳಿ, ತಿಂಗಳಿಗೊಮ್ಮೆ ಧೂಳು ತೆಗೆಯಿರಿ. ಬಿಲ್ ಮಾಡಿಸುವ ಮುಂಚೆ ಬಿಡಿಭಾಗಗಳ ಪಟ್ಟಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.