ಮಂತ್ರವಾದಿಯ ಪಕ್ಕದಲ್ಲಿ ಮನಶ್ಶಕ್ತಿ: ನಮ್ಮ ಟೇಬಲ್ಲಿಗೆ ಒಗ್ಗಿದ ಲೆಕ್ಕ

ಮೇಜಿನ ಸುತ್ತ ಕೂತು, ತಲಾ ಒಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಫ್ಯಾಂಟಸಿ ಆಟಕ್ಕೆ ಮನಶ್ಶಕ್ತಿಯನ್ನು, ಎಂದರೆ ಮಂತ್ರವಿಲ್ಲದೆ ಬರಿಯ ಮನಸ್ಸಿನ ಬಲದಿಂದ ಹೊಡೆಯುವ, ಪರರ ಮನಸ್ಸು ಓದುವ ಶಕ್ತಿಯನ್ನು, ತಂದರೆ ಆಟವೇ ಕೆಡುತ್ತದೆ ಎಂದು ನಮ್ಮ ಶಿರಸಿಯ ಗುಂಪಿನವರೂ, ಕಾರವಾರದಿಂದ ಆಗೀಗ ಬಂದು ಆಡುವ ಹಳಬರೂ ಒಂದೇ ದನಿಯಲ್ಲಿ ಹೇಳುತ್ತಿದ್ದರು. ಅವರ ಅನುಮಾನ ಆಧಾರವಿಲ್ಲದ್ದೇನೂ ಆಗಿರಲಿಲ್ಲ. ನಾವು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ 1976ರಲ್ಲಿ ಬಂದ ಪೂರಕದಲ್ಲಿ ಈ ಶಕ್ತಿ ದಾಳದ ಅದೃಷ್ಟವಿದ್ದವರಿಗೆ ಮಾತ್ರ ದಕ್ಕುತ್ತಿತ್ತು. 2017ರಲ್ಲಿ, ಪಾತ್ರದ ಬಲವನ್ನು ಅಳೆಯುವ ಮೆಟ್ಟಿಲುಗಳಲ್ಲಿ ಇಪ್ಪತ್ತನೆಯ ಲೆವೆಲ್‌ವರೆಗೆ ಬೆಳೆಸಿ ಪ್ರಯೋಗಕ್ಕೆ ಬಿಟ್ಟ ಮಿಸ್ಟಿಕ್ ಎಂಬ ಮನಶ್ಶಕ್ತಿಯ ಪಾತ್ರವರ್ಗವಂತೂ ಅಧಿಕೃತ ಪುಸ್ತಕದ ಮುಖವನ್ನೇ ಕಾಣಲಿಲ್ಲ. ಆದರೆ ಕಂತುಕಂತಾಗಿ ಸಾಗುವ ನಮ್ಮ ಕಥೆಯಾದ ಕ್ಯಾಂಪೇನ್‌ನಲ್ಲಿ ಹೆಚ್ಚುಕಡಿಮೆ ಎರಡು ಮಳೆಗಾಲಗಳಿಂದ ಅಂಥ ಒಂದು ಪಾತ್ರ ತಕರಾರಿಲ್ಲದೆ ನಡೆದುಕೊಂಡು ಬಂದಿದೆ.

ನಾವು ಆಡುವುದು 2014ರ ಐದನೆಯ ಆವೃತ್ತಿಯ ನಿಯಮಗಳನ್ನು. ಮನಶ್ಶಕ್ತಿಗೆಂದು ಮೊದಲು ನಾನು ತರಿಸಿದ ಹೊರದೇಶದ ಪುಸ್ತಕಕ್ಕೆ ಅಂಚೆವೆಚ್ಚವೂ ಸೇರಿ ಮೂರೂವರೆ ಸಾವಿರದಷ್ಟು ತೆತ್ತೆ. ಅದರಿಂದ ಬಳಕೆಗೆ ಬಂದದ್ದು ನಾಲ್ಕು ಪುಟವೂ ಇರಲಿಕ್ಕಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಅದೇ ಆಟದ ಹಳೆಯ ಮೂರೂವರೆ (3.5) ಆವೃತ್ತಿಯ ಮುಕ್ತ ನಿಯಮಾವಳಿ. ಅದರಲ್ಲಿ ಮನಶ್ಶಕ್ತಿಯ ಭಾಗ ಪೂರ್ತಿಯಾಗಿದೆ, ಪುಕ್ಕಟೆಯಾಗಿಯೂ ಸಿಗುತ್ತದೆ. ಮುದ್ರಿಸಿ ಸ್ಪೈರಲ್ ಹಾಕಿಸಲು ಇನ್ನೂರು ರೂಪಾಯಿಯ ಆಸುಪಾಸು ಹೋಯಿತು.

ಆ ನಿಯಮದಂತೆ ಮನಶ್ಶಕ್ತಿಯ ಪಾತ್ರವಾದ ಐದನೆಯ ಲೆವೆಲ್‌ನ ಸಯಾನ್‌ಗೆ ದಿನಕ್ಕೆ 25 ಪವರ್ ಪಾಯಿಂಟ್ ಇರುತ್ತದೆ, ಮೂರನೆಯ ಹಂತದ ಒಂದು ಶಕ್ತಿಗೆ 5 ಪಾಯಿಂಟ್ ತಗಲುತ್ತದೆ. ಹಾಗಾಗಿ ಒಂದೇ ಕಾಳಗದಲ್ಲಿ ಐದು ಸಲ ಪೂರ್ಣ ಬಲದ ಹೊಡೆತ ಸಾಧ್ಯ, ಅದೇ ಲೆವೆಲ್‌ನ ನಮ್ಮ ಮಂತ್ರವಾದಿಗೆ ಮೂರನೆಯ ಹಂತದ ಸ್ಲಾಟ್, ಎಂದರೆ ಮಂತ್ರ ಪ್ರಯೋಗದ ಅವಕಾಶ, ಇರುವುದು ಎರಡೇ. ಮೊದಲ ಕಾಳಗದಲ್ಲೇ ಕೊಪ್ಪರಿಗೆ ಬರಿದು ಮಾಡಿ, ಉಳಿದವರು ಇನ್ನೂ ಗಟ್ಟಿಯಾಗಿರುವಾಗಲೇ ನಿದ್ರೆಯಿಂದ ಪಾಯಿಂಟ್ ಮತ್ತೆ ತುಂಬಿಸಿಕೊಳ್ಳಲು ‘ಬಿಡಾರ ಹೂಡುವಾ’ ಎನ್ನುವ ಆಟಗಾರನನ್ನು ಆಟ ನಡೆಸುವ ಯಾವ ಗೇಮ್ ಮಾಸ್ಟರ್ ತಾನೇ ಸಹಿಸಿಕೊಂಡಾನು? ಪಾಯಿಂಟುಗಳನ್ನು 15ಕ್ಕೆ ಇಳಿಸಿದಾಗ ಆ ಪಾತ್ರ ಮಧ್ಯಾಹ್ನದ ಹೊತ್ತಿಗೇ ಸೋತು ಕೂರುತ್ತಿತ್ತು. ಪ್ರತಿ ಪ್ರಯೋಗಕ್ಕೂ ದಾಳ ಉರುಳಿಸಿ, ತಪ್ಪಿದರೆ ಪ್ರಜ್ಞೆ ಹೋಗುವಂತೆ ಮಾಡಿದಾಗ ಆಟಗಾರ ಶಕ್ತಿಯನ್ನು ಬಳಸುವುದನ್ನೇ ಬಿಟ್ಟ.

ಹಿಡಿತಕ್ಕೆ ಬಂದದ್ದು ನಾವು ‘ಕಾವು’ ಎಂದು ಕರೆಯುವ ಲೆಕ್ಕದಿಂದ. ಒಂದೇ ಕಾಳಗದೊಳಗೆ ಎರಡನೆಯ ಪ್ರಯೋಗಕ್ಕೆ 2 ಪಾಯಿಂಟ್, ಮೂರನೆಯದಕ್ಕೆ 4 ಪಾಯಿಂಟ್, ಹೀಗೆ ಎರಡೆರಡರಂತೆ ಹೆಚ್ಚು ತೆರಬೇಕು. ಒಂದು ಶಕ್ತಿಗೆ ಪಾತ್ರದ ಲೆವೆಲ್‌ಗಿಂತ ಹೆಚ್ಚು ಪಾಯಿಂಟ್ ಹಾಕಬಾರದೆಂಬ ಮೂಲ ನಿಯಮಕ್ಕೆ ಈ ಹೆಚ್ಚುವರಿ ಸೇರುವುದಿಲ್ಲ. 5, 7, 9 ಕೂಡಿದರೆ 21 ಆಯಿತು, ಉಳಿದ ನಾಲ್ಕರಲ್ಲಿ ಚಿಕ್ಕಪುಟ್ಟದ್ದಕ್ಕೂ ಬಲವಿರುವುದಿಲ್ಲ. ಕಾಳಗಗಳ ನಡುವೆ ತುಸು ವಿರಾಮ ಸಿಕ್ಕರೆ ಕಾವು ಇಳಿದು ಬೆಲೆ ಮತ್ತೆ ಐದಕ್ಕೆ ಬರುವುದರಿಂದ, ದಿನವಿಡೀ ಹಂಚಿ ಬಳಸುವವನಿಗೆ ಐದೂ ಪ್ರಯೋಗಗಳು ದಕ್ಕುತ್ತವೆ. ಪಾಯಿಂಟಿಗೆ ಚಾಲಿ ಅಡಿಕೆ, ಕಾವಿಗೆ ಕೆಂಪಡಿಕೆ ಇಟ್ಟು ಎಣಿಸುತ್ತಿದ್ದೆವು. ಕವಳದ (ಎಲೆಅಡಿಕೆಯ) ಅಭ್ಯಾಸದವರೊಬ್ಬರು ಪಕ್ಕದಲ್ಲಿ ಕೂತ ಮೇಲೆ ಲೆಕ್ಕ ಕೂಡಿಬರದೆ, ಈಗ ಕವಡೆಗೆ ಬದಲಾಗಿದ್ದೇವೆ.

ಮನಶ್ಶಕ್ತಿ ಮಂತ್ರಕ್ಕಿಂತ ಬೇರೆ ಎಂದು ತೋರಿಸುವ ಹುಮ್ಮಸ್ಸಿನಲ್ಲಿ ಅದನ್ನು ಮಂತ್ರ ಕಳೆಯುವ ಮಂತ್ರವಾದ ಡಿಸ್ಪೆಲ್ ಮ್ಯಾಜಿಕ್ ಮುಟ್ಟಬಾರದೆಂದು ಹಲವರು ಬರೆದುಕೊಳ್ಳುತ್ತಾರೆ. ನಮ್ಮಲ್ಲಿ ಒಂದೇ ಸಂಜೆಯಲ್ಲಿ ಅದರ ಗುಣ ಗೊತ್ತಾಯಿತು: ಎದುರಾಳಿ ಮಂತ್ರವಾದಿಗಳೆಲ್ಲ ನಿಷ್ಪ್ರಯೋಜಕರಾದರು. ಮೂರೂವರೆ ಆವೃತ್ತಿಯ ಮೂಲ ನಿಯಮದಂತೆ ಎರಡೂ ಒಂದನ್ನೊಂದು ತಡೆಯಬಲ್ಲವು ಎಂದೇ ಇಟ್ಟುಕೊಳ್ಳುವುದು ಲೇಸು. ‘ಹಾಗಾದ್ರೆ ಅದೂ ಮಂತ್ರವೇ ಅಲ್ಲವೋ ಮಾರಾಯ’ ಎಂದು ಹಳಬರು ನಕ್ಕರು. ಬೇರೆತನ ಇರಬೇಕಾದದ್ದು ಬೆಲೆಯಲ್ಲಿ ಎಂಬುದು ನನ್ನ ಉತ್ತರವಾಗಿತ್ತು, ಈಗಲೂ ಅದೇ.

ಯುದ್ಧಕ್ಕಿಂತ ದೊಡ್ಡ ತಲೆನೋವು ಪರಚಿತ್ತಜ್ಞಾನದ್ದು. ನಮ್ಮ ಕಥೆ ಗೇರುಸೊಪ್ಪೆಯ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಕಾಲವನ್ನು ನೆನಪಿಸುವ, ಮಿರ್ಜಾನಿನಂಥ ಕೋಟೆಯುಳ್ಳ ಬಂದರಿನಲ್ಲಿ ನಡೆಯುತ್ತದೆ. ಮೆಣಸಿನ ಉಗ್ರಾಣದಲ್ಲಿ ಕೊಲೆಯಾದರೆ, ಮನಸ್ಸನ್ನು ಓದಬಲ್ಲವನೊಬ್ಬನಿದ್ದಲ್ಲಿ ಕೊಲೆಗಾರ ಎರಡು ನಿಮಿಷ ಉಳಿಯುವುದಿಲ್ಲ. ಓದುವ ಮೊದಲು ಎದುರಿನವನಿಗೆ ಬಾಯಿಬಿಟ್ಟು ಒಂದು ಪ್ರಶ್ನೆ ಕೇಳಲೇಬೇಕು, ಆ ಪ್ರಶ್ನೆ ಅವನಲ್ಲಿ ಎಬ್ಬಿಸಿದ ಒಂದು ಚಿತ್ರವಷ್ಟೇ ದೊರೆಯುತ್ತದೆ ಎಂದು ಕಟ್ಟು ಹಾಕಿದೆ. ‘ಕೊಂದವನು ನೀನೋ?’ ಎಂದು ಕೇಳಿದ್ದಕ್ಕೆ ಉಗ್ರಾಣದ ಕಾವಲುಗಾರನ ಮನಸ್ಸಿನಲ್ಲಿ ಕಂಡದ್ದು ಮೂರು ವರ್ಷದ ಹಿಂದೆ ಅವನು ದೋಣಿಯಿಂದ ನೂಕಿದ ಬೇರೊಬ್ಬನ ಮುಖ. ಇಡೀ ತಂಡ ಅದರ ಬೆನ್ನು ಹತ್ತಿ ಎರಡು ವಾರ ಅಲೆಯಿತು. ಯಾರ ಮನಸ್ಸಿನಲ್ಲಿ ಯಾವ ಚಿತ್ರ ಏಳಬೇಕೆಂದು ನಾನು ಮುಂಚಿತವಾಗಿ ಹೇಗೆ ಗೊತ್ತುಮಾಡಿಕೊಳ್ಳುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನನ್ನ ಆಟಗಾರರೂ ಇದನ್ನು ಓದುತ್ತಾರೆ.

ಮನಸ್ಸಿನಿಂದ ಮನಸ್ಸಿಗೆ ಆಡುವ ಮಾತನ್ನು ಚೀಟಿಯಲ್ಲಿ ಬರೆದು ದಾಟಿಸುವುದನ್ನೂ, ಇಬ್ಬರನ್ನೇ ಜಗುಲಿಗೆ ಕರೆದು ಹೇಳುವುದನ್ನೂ ನೋಡಿದೆ. ಉಳಿದವರು ಮೊಬೈಲ್ ತೆಗೆದರು. ಎಲ್ಲರೆದುರೇ ಹೇಳಿ, ಪಾತ್ರಗಳಿಗೆ ಅದು ತಿಳಿದಿಲ್ಲವೆಂದು ಆಡುವುದೇ ಸುಲಭ. ಯೋಗಸೂತ್ರದ ವಿಭೂತಿಪಾದದಿಂದ ಪರಕಾಯಪ್ರವೇಶವನ್ನು ಎತ್ತಿಕೊಂಡದ್ದೂ ಉಂಟು: ಇಬ್ಬರು ಆಟಗಾರರು ಒಂದು ದೃಶ್ಯದ ಮಟ್ಟಿಗೆ ಪಾತ್ರದ ವಿವರವಿರುವ ಕ್ಯಾರೆಕ್ಟರ್ ಶೀಟ್ ಬದಲಿಸಿಕೊಂಡರು. ನಗುವಿಗೆ ಬರವಿರಲಿಲ್ಲ, ಆದರೆ ಪರರ ಶೀಟ್ ಓದುವುದರಲ್ಲೇ ಅರ್ಧ ಗಂಟೆ ಹೋಯಿತು.

ಲೆವೆಲ್ ಏರಿದಂತೆ ಕಾವಿನ ಏರಿಕೆಯನ್ನೂ ಹೆಚ್ಚಿಸಬೇಕು. ಏಳನೆಯ ಲೆವೆಲ್‌ನಲ್ಲಿ 46 ಪಾಯಿಂಟ್, ದೊಡ್ಡ ಶಕ್ತಿಗೆ 7. ಏರಿಕೆ ನಾಲ್ಕಾದರೆ ಒಂದು ಕಾಳಗದಲ್ಲಿ ಮೂರು ಹೊಡೆತಕ್ಕೆ ನಿಲ್ಲುತ್ತದೆ. ಒಂಬತ್ತರಲ್ಲಿ 72 ಪಾಯಿಂಟ್, ಶಕ್ತಿಗೆ 9. ಅಲ್ಲಿ ಏರಿಕೆ ಆರಾಗಿದ್ದಾಗ 9, 15, 21, 27 ಸೇರಿ ಸರಿಯಾಗಿ 72 ಆಗಿ, ನಾಲ್ಕನೆಯ ಹೊಡೆತ ತೂರಿಕೊಂಡು ಬಂತು. ಅಂದಿನಿಂದ ಅದನ್ನು ಏಳಕ್ಕೆ ಇಟ್ಟಿದ್ದೇನೆ.