ಹಳೆಯ ಸಾಮೂಹಿಕ ಕುಂಬಾರಶಾಲೆಯ ದುರಸ್ತಿ ಹೇಗೆ?
ಕುಂಬಾರಿಕೆಗೆ ಹೆಸರಾದ ಬೆಳಗಾವಿ ಜಿಲ್ಲೆಯ ಖಾನಾಪುರದಂತಹ ಮಳೆ ಹೆಚ್ಚಿರುವ ಊರುಗಳಲ್ಲಿ ಹಳೆಯ ಸಾಮೂಹಿಕ ಕುಂಬಾರಶಾಲೆಯ ದುರಸ್ತಿಗೆ ಕೈಹಾಕುವವರು ಮೊದಲು ಸೂರನ್ನು ನೋಡಬೇಕು; ಒಡೆದ ಮಂಗಳೂರು ಹೆಂಚುಗಳನ್ನಷ್ಟೇ ಬದಲಿಸಿದರೆ ಸಾಕು. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಬೇಡ. ಅದು ಒಳಗಿನ ತೇವವನ್ನು ಹಿಡಿದಿಟ್ಟುಕೊಂಡು, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಹಕ್ಕಳೆಯಂತೆ ಕಳಚಿ, ಜೊತೆಗೆ ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಸುಣ್ಣದ ಗಾರೆಯೇ ಸರಿ.

ನಿಜವಾದ ಕೆಲಸವಿರುವುದು ಆವಿಗೆಯಲ್ಲಿ, ಅಂದರೆ ಮಡಕೆ ಸುಡುವ ಗೂಡಿನಲ್ಲಿ. ಇಟ್ಟಿಗೆಗಳ ಸಂದಿಗೆ ಜೇಡಿಮಣ್ಣು, ಮರಳು ಮತ್ತು ಹಳೆಯ ಮಡಕೆ ಚೂರುಗಳ ಪುಡಿ ಕಲಸಿದ ಗಾರೆಯನ್ನೇ ತುಂಬಬೇಕು, ಏಕೆಂದರೆ ಸಾಮಾನ್ಯ ಸಿಮೆಂಟ್ ಅಷ್ಟು ಕಾವಿಗೆ ತಾಳದೆ ಉದುರುತ್ತದೆ. ಗಾರೆ ಆರಿದ ಮೇಲೆ ಮಡಕೆಗಳನ್ನು ಜೋಡಿಸದೆ ಸಣ್ಣ ಉರಿ ಹಾಕಿ, ಹೊಗೆಗಂಡಿಯ ಮೇಲೆ ಕ್ಷಣಕಾಲ ಹಿಡಿದ ತಣ್ಣನೆಯ ತಗಡಿನಲ್ಲಿ ನೀರಹನಿ ಕೂಡುತ್ತಿರುವವರೆಗೂ ಉರಿಯನ್ನು ಏರಿಸಬೇಡಿ. ತಿಗರಿಯ (ಕುಂಬಾರನ ಚಕ್ರದ) ಸುತ್ತ ತಲೆಮಾರುಗಳ ಕಾಲಿಗೆ ಸವೆದ ನೆಲವನ್ನು ನಾನಂತೂ ಮುಟ್ಟುವುದಿಲ್ಲ.