ಸಣ್ಣ ಹಳ್ಳ, ಸಾವಿರ ವ್ಯಾಟ್: ನನ್ನ ಅನುಭವ

ಹಳ್ಳದ ನೀರಲ್ಲಿ ಕರೆಂಟ್ ತೆಗಿತೀನಿ ಅಂದಾಗ ನಮ್ಮೂರಲ್ಲಿ ನಗದೇ ಇದ್ದವರು ಕಮ್ಮಿ. "ಎಂತ ಮಾರಾಯ, ಈ ನೀರಲ್ಲಿ ತೋಟಕ್ಕೆ ಸ್ಪ್ರಿಂಕ್ಲರ್ ಓಡಿದ್ರೆ ಸಾಕು, ನೀ ಟರ್ಬೈನ್ ಇಡ್ತ್ಯಾ?" ಅಂತ ಭಾವನೇ ಕೇಳಿದ್ದ. ಈಗ ಜೂನ್ ಕೊನೆಯಿಂದ ಜನವರಿ ತನಕ ನಮ್ಮನೆ ಲೈಟು, ಫ್ಯಾನು, ಟಿವಿ, ಫ್ರಿಜ್ಜು ಎಲ್ಲಾ ಹಳ್ಳದ್ದೇ, ಮಳೆಗಾಲದಲ್ಲಿ ಲೈನ್ ಹೋಗಿ ವಾರಗಟ್ಲೆ ಬರದೇ ಇದ್ರೂ ನಮಗೆ ಗೊತ್ತಾಗಲ್ಲ, ಅದೇ ಭಾವ ಮೊಬೈಲ್ ಚಾರ್ಜಿಗೆ ನಮ್ಮನೆಗೆ ಬರ್ತಾನೆ. ಹಂಗಾಗಿ ಬರೀತಾ ಇದೀನಿ. ನನ್ನದು ಪೆಲ್ಟನ್ ಟರ್ಬೈನ್, ಅಂದ್ರೆ ನಾಝಲಿಂದ ಚಿಮ್ಮೋ ನೀರು ಅಂಚಿನ ಕಪ್ಪುಗಳಿಗೆ ಹೊಡೆದು ತಿರುಗೋ ಚಕ್ರ, ಅದಕ್ಕೆ ಜೋಡಿಸಿದ್ದು ಕೆಪಾಸಿಟರ್ ಹಾಕಿ ಜನರೇಟರ್ ಮಾಡಿದ ಇಂಡಕ್ಷನ್ ಮೋಟ್ರು. ಅದನ್ನ ಮಾಡೋದು ಹೆಂಗೆ ಅಂತ ಇಲ್ಲಿ ಹೇಳಲ್ಲ.

ನಮ್ಮದು ಸಾಗರ ತಾಲೂಕು, ಲಿಂಗನಮಕ್ಕಿ ಹಿನ್ನೀರಿನ ಆಚೆ ದಡ. ಮನೆ ಹಿಂದಿನ ಗುಡ್ಡ ಹತ್ತಿದ್ರೆ ಒಂದು ಕಡೆ ಘಟ್ಟ ಕೆಳಗೆ ಇಳಿಯುತ್ತೆ, ಈ ಕಡೆ ಬಿದ್ದ ಮಳೆ ನಮ್ಮ ಹಳ್ಳಕ್ಕೆ ಬಂದು ಶರಾವತಿ ಸೇರುತ್ತೆ. ಜನ ಯಾವಾಗ್ಲೂ ನೀರು ನೋಡ್ತಾರೆ, ಇಳುಕಲು, ಅಂದ್ರೆ ನೀರು ಎಷ್ಟು ಎತ್ತರದಿಂದ ಇಳಿಯುತ್ತೆ ಅನ್ನೋದು ನೋಡಲ್ಲ. ಶರಾವತಿನೇ ತಗೊಳ್ಳಿ, ಅಂಬುತೀರ್ಥದಿಂದ ಹೊನ್ನಾವರದ ತನಕ ಒಟ್ಟು 128 ಕಿಲೋಮೀಟರ್, ದೇಶದ ದೊಡ್ಡ ಹೊಳೆಗಳ ಮುಂದೆ ಏನೂ ಅಲ್ಲ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ದಾರಿ ಘಟ್ಟದ ಮೇಲೇ ಸಪಾಟಾಗಿ ಹರಿದು ಬರುತ್ತೆ, ಆಮೇಲೆ ಜೋಗದಲ್ಲಿ ಒಂದೇ ಸಲಕ್ಕೆ 830 ಅಡಿ. ಮೇಲೆ ಅಗಲವಾದ ಜಾಗ ಇದ್ದಿದ್ದಕ್ಕೆ 1964ರಲ್ಲಿ ಲಿಂಗನಮಕ್ಕಿ ಕಟ್ಟಿ ನೀರು ನಿಲ್ಲಿಸೋಕಾಯ್ತು, ಪಕ್ಕದಲ್ಲೇ ಪ್ರಪಾತ ಇದ್ದಿದ್ದಕ್ಕೆ ಕರೆಂಟಾಯ್ತು. ಅದೇ ನಮ್ಮ ತಾಲೂಕಲ್ಲೇ ಹುಟ್ಟೋ ವರದಾ ನೋಡಿ, ಉತ್ತರಕ್ಕೆ ಸೊರಬ, ಬನವಾಸಿ ಕಡೆ ಗದ್ದೆ ಬಯಲಲ್ಲಿ ಆರಾಮಾಗಿ ಹೋಗುತ್ತೆ. ಒಂದೇ ಮಳೆ, ಯಾವ ಕಡೆ ವಾಲಿದೆ ಅನ್ನೋದ್ರ ಮೇಲೆ ಲೆಕ್ಕ.

ನಮ್ಮ ಹಳ್ಳದಲ್ಲಿ ಅಬ್ಬಿ ಬೀಳೋ ಜಾಗದಿಂದ ತೋಟದ ತಲೆ ತನಕ ಟ್ಯೂಬ್ ಲೆವೆಲ್ (ಮಟ್ಟ ನೋಡೋಕೆ ನೀರು ತುಂಬಿದ ಟ್ಯೂಬು) ಹಿಡಿದು ಇಳಿದ್ರೆ ಹತ್ತಿರ ಹತ್ತಿರ 130 ಅಡಿ ಬಂತು. ನೀರು, 20 ಲೀಟರ್ ಬಕೆಟ್ ನಾಕು ಸೆಕೆಂಡಲ್ಲಿ ತುಂಬೋವಷ್ಟು, ಅಂದ್ರೆ ಸೆಕೆಂಡಿಗೆ ಐದು ಲೀಟರ್. ಕಾಗದದ ಮೇಲೆ ಎರಡು ಕಿಲೋವ್ಯಾಟ್ ಹತ್ತಿರ, ಕೈಗೆ ಅರ್ಧ ಸಿಕ್ರೆ ನಮ್ಮ ಪುಣ್ಯ.

ಮೊದಲು ಮಾಡಿದ್ದು ಹಳೇ ಸೆಂಟ್ರಿಫ್ಯೂಗಲ್ ಪಂಪ್ ಉಲ್ಟಾ ತಿರುಗಿಸೋ ಪ್ರಯೋಗ. ಪಂಪ್ ಮನೇಲೇ ತುಕ್ಕು ಹಿಡೀತಾ ಇತ್ತು, ಖರ್ಚಿಲ್ಲ ಅಂತ. ಆಗಸ್ಟಲ್ಲಿ ಜೋರಾಗೇ ಓಡ್ತು, ದೀಪಾವಳಿ ಕಳೆದು ನೀರು ಸ್ವಲ್ಪ ಇಳಿದಿದ್ದೇ ಒಮ್ಮೆಗೇ ವೋಲ್ಟೇಜ್ ಕುಸಿದು ನಿಂತೇ ಹೋಯ್ತು. ಪಂಪಿಗೆ ತುಂಬಿದ ನೀರೇ ಬೇಕು, ಕಮ್ಮಿ ನೀರಲ್ಲಿ ಅದು ಕೆಲಸಕ್ಕೆ ಬರಲ್ಲ. ಪೆಲ್ಟನ್ ಆದ್ರೆ ಎರಡು ನಾಝಲ್ ಇಟ್ಟು, ನೀರು ಇಳಿದಾಗ ಒಂದನ್ನ ಮುಚ್ಚಿದ್ರೆ ಮುಗೀತು, ಪ್ರೆಷರ್ ಹಂಗೇ ಇರುತ್ತೆ.

ದುಡ್ಡು ಹೋಗೋದು ಪೈಪಿಗೆ, ಟರ್ಬೈನಿಗಲ್ಲ. ಪೈಪ್ ಅಂಗಡಿಯವರು ಎರಡೂವರೆ ಇಂಚು ಧಾರಾಳ ಆಗುತ್ತೆ, ನಾಕಿಂಚು ದುಡ್ಡು ದಂಡ ಅಂದ್ರು. 650 ಅಡಿ ಉದ್ದ ಎಳೆದು ಕೆಳಗಡೆ ಪ್ರೆಷರ್ ಗೇಜ್ ಹಾಕಿದ್ರೆ ವಾಲ್ವ್ ಮುಚ್ಚಿದಾಗ 4 ಕೆಜಿ ಪ್ರೆಷರ್ ತೋರ್ಸೋದು, ಬಿಟ್ಟ ಕೂಡ್ಲೇ ಎರಡೂ ಮುಕ್ಕಾಲು. ಮುಳ್ಳು ಕಣ್ಣೆದುರೇ ಜಾರೋದು. ಮೂರನೇ ಒಂದು ಪಾಲು ಇಳುಕಲು ಪೈಪಿನ ಒಳಗೇ ಸತ್ತೋಯ್ತು, ಐದಾರು ನೂರು ವ್ಯಾಟ್ ಮೇಲೆ ಹತ್ತಲೇ ಇಲ್ಲ. ಮರು ವರ್ಷ ಅಡಿಕೆ ರೇಟು ಚೆನ್ನಾಗಿತ್ತು, ನಾಕಿಂಚು ಪಿವಿಸಿ ತಂದೆ. ಆಗ ಸಿಗಂದೂರು ಸೇತುವೆ ಇರ್ಲಿಲ್ಲ, ಅಂಬಾರಗೋಡ್ಲಲ್ಲಿ ಪಿಕಪ್ ಸಮೇತ 20 ಅಡಿ ಪೈಪ್ ಹೊರೆ ಹಿನ್ನೀರು ದಾಟಿಸೋ ಲಾಂಚ್ ಹತ್ತಿಸೋದು ದೊಡ್ಡ ಕಥೆ, ಜನ ಬೈಕೊಂಡೇ ಪೈಪಿನ ತುದಿಯಿಂದ ತಲೆ ತಗ್ಗಿಸಿ ನಿಂತ್ರು. ಇನ್ನೊಂದು ಉಳಿತಾಯ ಹೇಳ್ತೀನಿ, ಪೂರ್ತಿ ಲೈನಿಗೆ 6 ಕೆಜಿ ಪ್ರೆಷರ್ ತಡೆಯೋ ಪೈಪ್ ಬೇಡ, ಮೇಲಿನ ಅರ್ಧಕ್ಕೆ ಪ್ರೆಷರೇ ಇರಲ್ಲ, ಅಲ್ಲಿಗೆ 4 ಕೆಜಿದು ಸಾಕು, ಕೆಳಗಿನ ಅರ್ಧಕ್ಕೆ ಮಾತ್ರ 6. ಎಲ್ಲಾ ಸೇರಿ ಪೈಪಿಗೆ ನಲವತ್ತೈದು ಸಾವಿರದ ಆಸುಪಾಸು ಆಯ್ತು. ಈಗ ವಾಲ್ವ್ ಬಿಟ್ರೂ ಗೇಜ್ ಮುಳ್ಳು ಅಲ್ಲಾಡಿದಂಗೆ ಮಾಡುತ್ತೆ ಅಷ್ಟೇ. ವಾಲ್ವ್ ಮಾತ್ರ ನಿಧಾನ ತಿರುಗಿಸಿ, ಕೆಲಸದವನೊಬ್ಬ ಗಬಕ್ಕನೆ ಮುಚ್ಚಿ ಕೆಳಗಿನ ಬೆಂಡ್ ಪಟಾಕಿ ಥರ ಸೀಳೋಗಿತ್ತು.

ಆಮೇಲೆ ಕಸ. ಮಳೆಗಾಲದಲ್ಲಿ ಹಳ್ಳದಲ್ಲಿ ಬರೋದು ನೀರಲ್ಲ, ದರಕು, ಅಂದ್ರೆ ತರಗೆಲೆ. ಪೈಪಿನ ಬಾಯಿಗೆ ಸೊಳ್ಳೆ ಪರದೆ ಕಟ್ಟಿದ್ರೆ ರಾತ್ರಿ ಹನ್ನೊಂದಕ್ಕೆ ಲೈಟ್ ಮಿಣಮಿಣ, ಕಂಬಳಿಕೊಪ್ಪೆ ಹಾಕ್ಕೊಂಡು ಇಂಬಳದ ಮಧ್ಯೆ ಗುಡ್ಡ ಹತ್ತೋದು. ತೂತಿನ ಪೈಪೂ ಆಗ್ಲಿಲ್ಲ, ಒಂದು ಸಲ ಮರಿ ಏಡಿ ನಾಝಲ್ ತನಕ ಬಂದು ಕಚ್ಕೊಂಡು ಕೂತಿತ್ತು. ಕೊನೆಗೆ ಸ್ಟೀಲ್ ಜಾಲರಿ ನೀರಿನ ಕೆಳಗೆ ಇಡೋ ಬದ್ಲು, ನೀರು ಅದರ ಮೇಲೇ ಜಾರಿ ಬೀಳೋ ಹಂಗೆ ಓರೆಯಾಗಿ ಇಟ್ಟೆ. ಎಲೆ ತಾನೇ ಜಾರಿ ಹಳ್ಳಕ್ಕೆ ಹೋಗುತ್ತೆ, ನೀರು ಕೆಳಗಿನ ತೊಟ್ಟಿಗೆ ಇಳಿಯುತ್ತೆ. ಎಷ್ಟು ಓರೆ ಅನ್ನೋದು ನನ್ನ ಹತ್ರನೇ ಇರ್ಲಿ, ಎರಡು ವರ್ಷ ತಿಣುಕಿ ಕಂಡ್ಕೊಂಡಿದ್ದು.

ಚಕ್ರದ ಕಪ್ಪುಗಳು ಮೊದಲು ಅಲ್ಯೂಮಿನಿಯಂ, ಒಂದು ಮಳೆಗಾಲಕ್ಕೇ ಜಂಬಿಟ್ಟಿಗೆ ಮರಳು ಅದರ ಅಂಚನ್ನ ತಿಂದು ಹಾಕ್ತು. ಈಗಿನದು ಕಂಚು, ಎರಕ ಹೊಯ್ಯೋರು ಯಾರು ಅಂತ ಕೇಳಬೇಡಿ, ಅವರಿಗೆ ಪುರುಸೊತ್ತಿಲ್ಲ, ನನ್ನ ಆರ್ಡರೇ ಕೂತಿದೆ. ಚಕ್ರ ಕಪ್ಪಿನ ಮಧ್ಯದಿಂದ ಮಧ್ಯಕ್ಕೆ ಆರಿಂಚಿನ ಮೇಲೆ ಸ್ವಲ್ಪ, ಈ ಇಳುಕಲಿಗೆ ನೇರವಾಗಿ 1500 ಆರ್‌ಪಿಎಂ ಬರುತ್ತೆ, ಬೆಲ್ಟಿನ ಕಾಟ ಇಲ್ಲ. ಎಲ್ಲಾ ಸೇರಿ ಲಕ್ಷದ ಮೇಲೆ ಹತ್ತೋ ಹದಿನೈದೋ ಸಾವಿರ ಆಗಿರಬಹುದು, ದಂಡವಾದ ಎರಡೂವರೆ ಇಂಚು ಬಿಟ್ಟು. ಆ ಪೈಪ್ ತೋಟಕ್ಕಾಯ್ತು.

ಮನೇಲಿ ಬಳಸದೇ ಉಳಿದ ಕರೆಂಟನ್ನ ಲೋಡ್ ಕಂಟ್ರೋಲರ್ ಹೀಟರಿಗೆ ತಳ್ಳುತ್ತಲ್ಲ, ಆ ಹೀಟರನ್ನ ಬಚ್ಚಲ ಮನೆ ಡ್ರಮ್ಮಿಗೆ ಇಳಿಸಿದೀನಿ. ರಾತ್ರಿ ಎಲ್ಲಾ ಮಲಗಿದ ಮೇಲೆ ಪೂರ್ತಿ ಸಾವಿರ ವ್ಯಾಟೂ ಅಲ್ಲಿಗೇ, ಬೆಳಿಗ್ಗೆ ನೀರು ಕೊತಕೊತ. ಅಮ್ಮ ಇದನ್ನ ನಂಬೋಕೆ ಒಂದು ವರ್ಷ ತಗೊಂಡ್ಳು, ಅಲ್ಲೀ ತನಕ ಹಂಡೆ ಒಲೆಗೆ ಕುಂಟೆ ಹಾಕೋದು ಬಿಡ್ಲಿಲ್ಲ. ಅಡಿಕೆ ಸುಲಿಯೋ ಮಷಿನ್ ಓಡಿಸೋಕೂ ನೋಡಿದೆ, ಸ್ಟಾರ್ಟಾಗೋವಾಗ ಎಳೆಯೋ ಕರೆಂಟಿಗೆ ಜನರೇಟರ್ ವೋಲ್ಟೇಜೇ ಬಿಟ್ಟುಬಿಡುತ್ತೆ. ಸೊರಬದ ನೆಂಟರು ಗದ್ದೆ ಕಾಲುವೆಗೂ ಒಂದು ಇಟ್ಟುಕೊಡು ಅಂದ್ರು, ಅಲ್ಲಿ ಮೂರಡಿ ಇಳುಕಲು, ನನ್ನಷ್ಟು ಕರೆಂಟಿಗೆ ನಲವತ್ತು ಪಟ್ಟು ನೀರು ಬೇಕು. ಆದ್ರೂ ಮರದ ಚಕ್ರ ಕಟ್ಟಿ ನೋಡಿದ್ವಿ, ಸೈಕಲ್ ಡೈನಮೋ ತಿರುಗಿತು, ಮಕ್ಕಳಿಗೆ ಖುಷಿ.

ಒಂದು ಮಾತು ಮಾತ್ರ ಜಂಬದಿಂದಲೇ ಹೇಳ್ತೀನಿ. ಹಿನ್ನೀರಿನ ನೀರು ಮೊದಲು ಲಿಂಗನಮಕ್ಕಿ ಡ್ಯಾಮಿನ ಬುಡದ 55 ಮೆಗಾವ್ಯಾಟ್ ಪವರ್ ಹೌಸಲ್ಲಿ ತಿರುಗುತ್ತೆ, ಅಲ್ಲಿಂದ ತಳಕಳಲೆ ಜಲಾಶಯಕ್ಕೆ ಹೋಗಿ ಸಾವಿರ ಅಡಿಗೂ ಮೇಲಿಂದ ಬಿದ್ದು ಶರಾವತಿ ಪವರ್ ಹೌಸಲ್ಲಿ 1035, ಆಮೇಲೆ ಗೇರುಸೊಪ್ಪೆಯಲ್ಲಿ 240. ನಮ್ಮ ಹಳ್ಳದ ನೀರು ಇವಕ್ಕೆಲ್ಲ ಮೊದಲು ನನ್ನ ಹತ್ರ ದುಡಿದೇ ಹೋಗಿರುತ್ತೆ. ಮುಳುಗಡೆ ಆಗಿ ಊರು ಬಿಟ್ಟವರ ಮನೆಗಳಲ್ಲೇ ಎಷ್ಟೋ ವರ್ಷ ಚಿಮಣಿ ಬುಡ್ಡಿ ಉರೀತಿತ್ತು, ನಮ್ಮಜ್ಜನ ಮನೆ ಅದ್ರಲ್ಲೊಂದು.

ಫೆಬ್ರವರಿಯಿಂದ ಮೇ ತನಕ ಹಳ್ಳ ತೋಟಕ್ಕೇ ಸಾಲಲ್ಲ, ಟರ್ಬೈನ್ ಬಿಚ್ಚಿ ಬೇರಿಂಗಿಗೆ ಗ್ರೀಸ್ ಹಾಕಿ ಅಟ್ಟದಲ್ಲಿಡ್ತೀನಿ. ಈ ಬೇಸಿಗೆಯಲ್ಲಿ ಭಾವನ ಜಾಗ ಅಳೀಬೇಕು, ಅವನದು 90 ಅಡಿ ಸಿಗಬಹುದು, ಪೈಪ್ ಯಾವ ಸೈಜು ಅಂತ ಈ ಸಲ ಅವನೇ ಕೇಳ್ತಿದಾನೆ.